ಸಾವಯವ ಬೆಳ್ಳುಳ್ಳಿ: ಎಸಳಿನ ಉಪಚಾರ, ಮುಚ್ಚಿಗೆಯ ಹದ – ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಳ್ಳುಳ್ಳಿ ಬೀಜ ಕಟ್ಟುವುದು ತೀರಾ ಅಪರೂಪ. ಬೆಳೆ ಮುಂದುವರಿಯುವುದು ಎಸಳಿನಿಂದ, ಇಲ್ಲಿ ಬೀಜ ಎಂದಾಗಲೂ ಊರುವ ಎಸಳೇ. ಹಾಗಾಗಿ ತಾಯಿಗಿಡಕ್ಕೆ ಹಿಡಿದಿದ್ದ ಕೊಳೆ, ಗಿಡದೊಳಗೆ ಸೇರುವ ಸೂಕ್ಷ್ಮ ಜಂತುಹುಳು (ನೆಮಟೋಡ್), ನುಸಿ, ವೈರಸ್ ಇವೆಲ್ಲ ಎಸಳಿನ ಜೊತೆಗೇ ಮಡಿಗೆ ಇಳಿಯುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗಿಡ ಹಳದಿಯಾದ ಮೇಲೆ, ಗೆಡ್ಡೆ ಕೊಳೆತ ಮೇಲೆ ಬರೆದವು. ಆ ಹೊತ್ತಿಗೆ ಮಾಡಬಹುದಾದದ್ದು ಕಡಿಮೆ. ಆದ್ದರಿಂದ ಎಸಳಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಮೊದಲು ಎತ್ತಿಕೊಂಡಿದ್ದೇವೆ, ಮುಚ್ಚಿಗೆಯವು, ಅಂದರೆ ಮಣ್ಣಿನ ಮೇಲೆ ಹರಡುವ ಹುಲ್ಲು-ಎಲೆಯಂಥ ಹೊದಿಕೆಯವು, ಅದರ ಹಿಂದೆ ಬರುತ್ತವೆ.

ಪ್ರಶ್ನೆ: ಅಡುಗೆಗೆಂದು ತಂದ ಬೆಳ್ಳುಳ್ಳಿಯನ್ನೇ ಬಿಡಿಸಿ ಊರಬಹುದೇ? 100 ಚದರ ಮೀಟರಿಗೆ ಎಷ್ಟು ಬೇಕಾಗುತ್ತದೆ?

ಉತ್ತರ: ಊರದಿರುವುದೇ ಒಳ್ಳೆಯದು. ತಿನ್ನಲು ಮಾರುವ ಬೆಳ್ಳುಳ್ಳಿಗೆ ಮೊಳಕೆ ಬಾರದಂತೆ ವಿಕಿರಣ ಕೊಟ್ಟಿರಬಹುದು, ಇಲ್ಲವೆ ಬೆಳೆಯಿದ್ದಾಗಲೇ ಮೊಳಕೆ ತಡೆಯುವ ರಾಸಾಯನಿಕ ಸಿಂಪಡಿಸಿರಬಹುದು. ಅಂಥ ಎಸಳು ಮಣ್ಣಿನಲ್ಲಿ ಸುಮ್ಮನೆ ಕೂತು ಕೊಳೆಯುತ್ತದೆ. ಮೊಳೆತರೂ ಅದು ಯಾವ ತಳಿ, ಯಾವ ಹವೆಗೆ ಒಗ್ಗಿದ್ದು, ಬೆಳೆದ ಹೊಲದಲ್ಲಿ ಯಾವ ರೋಗವಿತ್ತು ಎಂಬುದು ಗೊತ್ತಾಗುವುದಿಲ್ಲ. ನಿಮ್ಮ ಹವೆಯಲ್ಲೇ ಬೆಳೆದ, ಬೆಳೆಯಿದ್ದಾಗ ನೀವು ನೋಡಿದ ಅಥವಾ ಬೆಳೆದವರನ್ನು ಕೇಳಿ ತಿಳಿದ ಗೆಡ್ಡೆ ಉತ್ತಮ.

ಆಯ್ಕೆ ಹೀಗಿರಲಿ. ಗೆಡ್ಡೆ ಗಟ್ಟಿಯಾಗಿರಬೇಕು, ಹೊರ ಸಿಪ್ಪೆ ಹರಿದಿರಬಾರದು. ತಿರುಗಿಸಿ ಬುಡದ ತಟ್ಟೆಯನ್ನು ನೋಡಿ. ಬೇರು ಹುಟ್ಟುವ ಆ ಭಾಗ ಮೆತ್ತಗಾಗಿದ್ದರೆ, ಸೀಳಿದ್ದರೆ, ತಿಳಿ ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಇಡೀ ಗೆಡ್ಡೆಯನ್ನೇ ತೆಗೆದುಹಾಕಿ. ಕೆಟ್ಟ ಎಸಳನ್ನು ಮಾತ್ರ ಬೇರ್ಪಡಿಸಿ ಉಳಿದದ್ದನ್ನು ಊರುವ ಲೆಕ್ಕಾಚಾರ ಬೇಡ, ಬುಡದ ಕೊಳೆ ಒಂದು ಎಸಳಿಗೆ ಬಂದಿದ್ದರೆ ಪಕ್ಕದ್ದಕ್ಕೂ ತಗುಲಿರುತ್ತದೆ. ಆರಿಸಿದ ಗೆಡ್ಡೆಯ ಹೊರಸುತ್ತಿನ ದಪ್ಪ ಎಸಳುಗಳನ್ನು ಬೀಜಕ್ಕೆ ಇಟ್ಟುಕೊಂಡು, ಒಳಗಿನ ತೆಳ್ಳನೆಯವನ್ನು ಅಡುಗೆಗೆ ಬಳಸಿ. ಎಸಳು ದೊಡ್ಡದಿದ್ದಷ್ಟೂ ಗೆಡ್ಡೆ ದೊಡ್ಡದು. ಸಣ್ಣ ಎಸಳಿನ ತಳಿಯಾದರೂ ಒಂದು ಗ್ರಾಮಿಗಿಂತ ಕಡಿಮೆ ತೂಗುವುದನ್ನು ಊರಬೇಡಿ.

ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಬಿಟ್ಟರೆ ಚದರ ಮೀಟರಿಗೆ 66 ಎಸಳು. ಓಡಾಡುವ ದಾರಿ ಬಿಟ್ಟು 100 ಚದರ ಮೀಟರ್ ಮಡಿಗೆ ಸುಮಾರು 6,600 ಎಸಳು ಬೇಕು. ಎಸಳು ಸರಾಸರಿ 2 ಗ್ರಾಂ ಇದ್ದರೆ 13 ಕಿಲೋ, 1 ಗ್ರಾಂ ಇದ್ದರೆ ಆರೂವರೆ ಕಿಲೋ. ಸಣ್ಣವು, ಗಾಯವಾದವು, ಸಿಪ್ಪೆ, ಕಾಂಡ ಎಂದು ಕಳೆಯುವುದು ಸಾಕಷ್ಟಿರುತ್ತದೆ. ಈ ಲೆಕ್ಕದ ಮೇಲೆ ಕಾಲುಭಾಗ ಹೆಚ್ಚಿಗೆ ಗೆಡ್ಡೆ ಇಟ್ಟುಕೊಳ್ಳಿ.

ಎಸಳು ಬಿಡಿಸುವುದು ಊರುವ ದಿನ ಅಥವಾ ಹಿಂದಿನ ದಿನ. ವಾರಗಟ್ಟಲೆ ಮೊದಲೇ ಬಿಡಿಸಿಟ್ಟರೆ ಕಿತ್ತ ಗಾಯದಲ್ಲಿ ನೀಲಿ-ಹಸಿರು ಬೂಸ್ಟು ಹಿಡಿಯುತ್ತದೆ. ಇದು ಪೆನಿಸಿಲಿಯಂ ಶಿಲೀಂಧ್ರ. ಮೊಳಕೆ ಸರಿಯಾಗಿ ಬರಲಿಲ್ಲ ಎಂಬ ಅನೇಕ ದೂರುಗಳ ಮೂಲ ಇದೇ. ಎಸಳಿನ ಮೈಗೆ ಅಂಟಿದ ಸಿಪ್ಪೆಯನ್ನು ಸುಲಿಯಬೇಡಿ.

ಪ್ರಶ್ನೆ: ಕಳೆದ ಬೆಳೆಯಲ್ಲಿ ಗಿಡ ಕುಳ್ಳಾಗಿ, ಬುಡ ಊದಿ, ಗೆಡ್ಡೆಯ ಅಡಿ ಸೀಳಿಕೊಂಡು ಬೇರು ಉದುರಿಹೋಯಿತು. ಜಂತುಹುಳು ಇರಬೇಕು, ಬಿಸಿನೀರಿನಲ್ಲಿ ಅದ್ದಿ ಎಂದು ಹೇಳಿದರು. ಬಿಸಿ ಎಷ್ಟಿರಬೇಕು, ಎಷ್ಟು ಹೊತ್ತು? ಎಸಳು ಬೆಂದುಹೋಗುವುದಿಲ್ಲವೇ?

ಉತ್ತರ: ನೀವು ಬರೆದ ಲಕ್ಷಣಗಳು ಕಾಂಡ ಮತ್ತು ಗೆಡ್ಡೆಯ ಜಂತುಹುಳುವಿಗೆ ಸರಿಹೊಂದುತ್ತವೆ. ವೈಜ್ಞಾನಿಕ ಹೆಸರು ಡಿಟಿಲೆಂಕಸ್ ಡಿಪ್ಸಾಸಿ. ಬುಡ ಕೊಳೆಯೂ ಹೊರನೋಟಕ್ಕೆ ಹೀಗೇ ಕಾಣುವುದರಿಂದ ಒಂದೆರಡು ಗೆಡ್ಡೆಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಖಚಿತಪಡಿಸಿಕೊಳ್ಳಿ. ತುಂಬಾ ಹಾಳಾದ ಗೆಡ್ಡೆಯನ್ನು ಬಿಸಿನೀರು ಉಳಿಸುವುದಿಲ್ಲ, ಅದನ್ನು ಬೀಜಕ್ಕೆ ಇಡಲೇಬೇಡಿ. ಉಪಚಾರ ಇರುವುದು ನೋಡಲು ಚೆನ್ನಾಗಿರುವ, ಆದರೆ ಸೋಂಕು ಇರಬಹುದೆಂಬ ಅನುಮಾನದ ಎಸಳಿಗೆ.

ಇದಕ್ಕೆ ಮೂರು ಪಾತ್ರೆ ನೀರು ಬೇಕು. ಮೊದಲನೆಯದು 38 ಡಿಗ್ರಿ ಸೆಲ್ಸಿಯಸ್, ಅದರಲ್ಲಿ 30 ನಿಮಿಷ. ಒಣಗಿ ನಿದ್ರಾವಸ್ಥೆಯಲ್ಲಿರುವ ಜಂತುಹುಳು ಬಿಸಿಗೆ ಸುಲಭವಾಗಿ ಸಾಯುವುದಿಲ್ಲ. ಈ ಉಗುರುಬೆಚ್ಚಗಿನ ನೀರು ಅದನ್ನು ಎಬ್ಬಿಸುತ್ತದೆ. ಎಸಳೂ ನಿಧಾನವಾಗಿ ಬೆಚ್ಚಗಾಗುತ್ತದೆ. ಎರಡನೆಯದು 49 ಡಿಗ್ರಿ, ಸರಿಯಾಗಿ 20 ನಿಮಿಷ. ಹುಳು ಸಾಯುವುದು ಇಲ್ಲಿ. ಮೂರನೆಯದು 18ರಿಂದ 20 ಡಿಗ್ರಿಯ ಶುದ್ಧ ನೀರು, 10ರಿಂದ 20 ನಿಮಿಷ. ತಣಿಸುವುದನ್ನು ಬಿಟ್ಟರೆ ಎಸಳಿನ ಒಳಗಿನ ಬಿಸಿ ಮೊಳಕೆಯನ್ನು ಸುಡುತ್ತಲೇ ಇರುತ್ತದೆ. ಆಮೇಲೆ ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿ, ನೆರಳಿನಲ್ಲಿ ಗಾಳಿಗೆ ಮೈ ಆರಿಸಿ. ಮರುದಿನದೊಳಗೆ ಊರಿಬಿಡಿ.

ಬೇಯುವ ಭಯ ಸರಿಯಾದದ್ದೇ. 50 ಡಿಗ್ರಿ ದಾಟಿದರೆ ಮೊಳಕೆಗೆ ಪೆಟ್ಟು ಬೀಳುತ್ತದೆ, 48ಕ್ಕಿಂತ ಇಳಿದರೆ ಹುಳು ಉಳಿದುಕೊಳ್ಳುತ್ತದೆ. ಇಷ್ಟು ಸಣ್ಣ ಅಂತರದಲ್ಲಿ ಕೈಬೆರಳಿನ ಅಂದಾಜು ನಡೆಯುವುದಿಲ್ಲ. ಅರ್ಧ ಡಿಗ್ರಿ ತೋರಿಸುವ ಥರ್ಮಾಮೀಟರ್ ಇಲ್ಲದಿದ್ದರೆ ಈ ಉಪಚಾರಕ್ಕೆ ಕೈಹಾಕಬೇಡಿ. ನೀರಿನ ಪ್ರಮಾಣವೂ ಮುಖ್ಯ. 5 ಕಿಲೋ ಎಸಳಿಗೆ 30 ಲೀಟರಾದರೂ ಇರಲಿ. 20 ಡಿಗ್ರಿಯ ತಣ್ಣನೆಯ ಎಸಳನ್ನು ನೇರವಾಗಿ ಅಷ್ಟು ನೀರಿಗೆ ಇಳಿಸಿದರೆ 49 ಇದ್ದದ್ದು ಸುಮಾರು 45-46ಕ್ಕೆ ಕುಸಿಯುತ್ತದೆ. 38 ಡಿಗ್ರಿಯಲ್ಲಿ ಬೆಚ್ಚಗಾದ ಎಸಳಾದರೆ ಒಂದು ಒಂದೂವರೆ ಡಿಗ್ರಿ ಮಾತ್ರ ಇಳಿಯುತ್ತದೆ, ಪಕ್ಕದಲ್ಲಿಟ್ಟುಕೊಂಡ ಬಿಸಿನೀರನ್ನು ಸ್ವಲ್ಪ ಸೇರಿಸಿ ಕೂಡಲೇ ಸರಿಮಾಡಬಹುದು. ಬಿಸಿನೀರನ್ನು ಎಸಳಿನ ಚೀಲದ ಮೇಲೆ ಸುರಿಯದೆ ಪಾತ್ರೆಯ ಅಂಚಿಗೆ ಹಾಕಿ ಕಲಕಿ. ಎಸಳನ್ನು ಸಡಿಲವಾದ ಬಲೆಚೀಲದಲ್ಲಿ ಅರ್ಧ ಮಾತ್ರ ತುಂಬಿ, ಆಗಾಗ ಅಲುಗಾಡಿಸಿ. ಬಿಗಿಯಾಗಿ ತುಂಬಿದರೆ ನಡುವಿನ ಎಸಳಿಗೆ ಬಿಸಿ ತಲುಪುವುದೇ ಇಲ್ಲ. ಹೊತ್ತಿನ ಲೆಕ್ಕ ಶುರುವಾಗುವುದು ನೀರು ಮತ್ತೆ 49ಕ್ಕೆ ಬಂದ ಮೇಲೆ.

ಎಲ್ಲವನ್ನೂ ಒಮ್ಮೆಗೇ ಅದ್ದುವ ಮೊದಲು 50 ಎಸಳಿಗೆ ಉಪಚಾರ ಮಾಡಿ, ಉಪಚಾರವಿಲ್ಲದ 50 ಎಸಳಿನ ಪಕ್ಕದಲ್ಲಿ ಮರಳಿನ ತಟ್ಟೆಯಲ್ಲಿ ಊರಿ ನೋಡಿ. ಎರಡು ಮೂರು ವಾರದಲ್ಲಿ ಎರಡೂ ಕಡೆ ಮೊಳಕೆ ಹೆಚ್ಚುಕಡಿಮೆ ಸಮನಾಗಿದ್ದರೆ ನಿಮ್ಮ ಕೈ ಹದಕ್ಕೆ ಬಂದಿದೆ.

ಹಳೆಯ ಶಿಫಾರಸುಗಳಲ್ಲಿ ಬಿಸಿನೀರಿಗೆ ಫಾರ್ಮಾಲಿನ್ ಸೇರಿಸುವ ಸಲಹೆ ಇದೆ. ಸಾವಯವದಲ್ಲಿ ಅದಕ್ಕೆ ಜಾಗವಿಲ್ಲ. ಹಾಗೆಯೇ ಬಿಸಿನೀರಿನ ಮೇಲೆ ಇಲ್ಲದ ನಂಬಿಕೆ ಇಡಬೇಡಿ. ಬಿಳಿ ಕೊಳೆ, ಬುಡ ಕೊಳೆಯ ಸೋಂಕನ್ನು ಅದು ಕಡಿಮೆ ಮಾಡಬಹುದು, ಪೂರ್ತಿ ತೆಗೆಯುವುದಿಲ್ಲ. ವೈರಸ್ ಮೇಲೆ ಏನೂ ಪರಿಣಾಮವಿಲ್ಲ. ಜಂತುಹುಳು ಇದ್ದ ಮಡಿಯಲ್ಲೇ ಶುದ್ಧ ಎಸಳನ್ನು ಊರಿದರೆ ಮಾಡಿದ್ದೆಲ್ಲ ವ್ಯರ್ಥ. ಆ ಜಾಗದಲ್ಲಿ ಕನಿಷ್ಠ ನಾಲ್ಕು ವರ್ಷ ಬೆಳ್ಳುಳ್ಳಿ, ಈರುಳ್ಳಿ, ಸೆಲರಿ, ಪಾರ್ಸ್ಲಿ ಬೇಡ.

ಪ್ರಶ್ನೆ: ಟ್ರೈಕೋಡರ್ಮಾ ಹಚ್ಚಿ ಊರಿದರೂ ಬುಡ ಕೊಳೆ ನಿಲ್ಲಲಿಲ್ಲ. ಹಚ್ಚಿದ ಮೇಲೆ ತಾಮ್ರದ ದ್ರಾವಣದಲ್ಲೂ ಅದ್ದಿದ್ದೆ.

ಉತ್ತರ: ಟ್ರೈಕೋಡರ್ಮಾ ಜೀವಂತ ಶಿಲೀಂಧ್ರ. ಅದರ ಮೇಲೆ ತಾಮ್ರ ಹಾಕಿದರೆ ರೋಗದ ಶಿಲೀಂಧ್ರದ ಜೊತೆ ಅದಕ್ಕೂ ಪೆಟ್ಟು ಬೀಳುತ್ತದೆ. ಎರಡನ್ನೂ ಒಂದೇ ಎಸಳಿಗೆ ಬಳಸಬೇಡಿ.

ಕ್ರಮ ಹೀಗೆ: ಬಿಸಿನೀರಿನ ಉಪಚಾರ ಇದ್ದರೆ ಅದು ಮೊದಲು, ತಣಿಸಿ ಮೈ ಆರಿದ ಮೇಲೆ ಟ್ರೈಕೋಡರ್ಮಾ. ಬಿಸಿನೀರು ಎಸಳಿನ ಮೇಲಿನ ಕೆಟ್ಟದ್ದರ ಜೊತೆ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ತೊಳೆದಿರುತ್ತದೆ. ಖಾಲಿಯಾದ ಆ ಜಾಗವನ್ನು ಟ್ರೈಕೋಡರ್ಮಾ ಮೊದಲು ಹಿಡಿದುಕೊಂಡರೆ ರೋಗದ ಶಿಲೀಂಧ್ರಕ್ಕೆ ನೆಲೆ ಸಿಗುವುದು ಕಷ್ಟ. ಒಂದು ಕಿಲೋ ಎಸಳಿಗೆ ಟಾಲ್ಕ್‌ನಲ್ಲಿ ಬೆರೆಸಿ ಮಾರುವ ಟ್ರೈಕೋಡರ್ಮಾ ಪುಡಿ 10 ಗ್ರಾಂ ತೆಗೆದುಕೊಂಡು, 30-40 ಮಿಲಿಲೀಟರ್ ನೀರಿನಲ್ಲಿ ಸ್ವಲ್ಪ ಬೆಲ್ಲ ಕರಗಿಸಿ ಕಲಸಿ. ಎಸಳಿನ ಮೈಗೆಲ್ಲ, ಮುಖ್ಯವಾಗಿ ಬುಡಕ್ಕೆ ಹತ್ತುವಂತೆ ಉರುಳಾಡಿಸಿ. ಅರ್ಧ ಗಂಟೆ ನೆರಳಿನಲ್ಲಿ ಆರಿಸಿ, ಅಂದೇ ಊರಿ. ಬಿಸಿಲಿನಲ್ಲಿ ಹರಡಿದರೆ ಬೀಜಕಣಗಳು ಸಾಯುತ್ತವೆ. ಪೊಟ್ಟಣದ ಮೇಲಿನ ತಯಾರಿಕೆಯ ದಿನಾಂಕ ನೋಡದೆ ಕೊಳ್ಳಬೇಡಿ. ಟಾಲ್ಕ್ ಪುಡಿಯಲ್ಲಿರುವ ಜೀವಕಣಗಳ ಸಂಖ್ಯೆ ಕೆಲವೇ ತಿಂಗಳಲ್ಲಿ ಇಳಿಯುತ್ತದೆ, ಬಿಸಿ ಕೋಣೆಯಲ್ಲಿಟ್ಟರೆ ಇನ್ನೂ ಬೇಗ.

ಎಸಳಿಗೆ ಹಚ್ಚುವುದಕ್ಕಿಂತಲೂ ಗೊಬ್ಬರದಲ್ಲಿ ಬೆಳೆಸಿ ಸಾಲಿಗೆ ಹಾಕುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನಮ್ಮ ಅಭಿಪ್ರಾಯ. 100 ಕಿಲೋ ಚೆನ್ನಾಗಿ ಕಳಿತ ಕಾಂಪೋಸ್ಟಿಗೆ ಒಂದು ಕಿಲೋ ಪುಡಿ ಬೆರೆಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ತೇವ ಸಾಕು. ಒದ್ದೆ ಗೋಣಿ ಮುಚ್ಚಿ ನೆರಳಿನಲ್ಲಿಟ್ಟು ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿಹಾಕಿದರೆ 10-15 ದಿನದಲ್ಲಿ ಮೇಲೆ ಹಸಿರು ಬಣ್ಣದ ಬೆಳವಣಿಗೆ ಕಾಣುತ್ತದೆ. ಇದನ್ನು ಊರುವ ಸಾಲಿನಲ್ಲೇ ಹಾಕಿ. ಬಿಸಿ ಆರದ ಗೊಬ್ಬರಕ್ಕೆ ಬೆರೆಸಿದರೆ ಎಲ್ಲವೂ ಸಾಯುತ್ತದೆ.

ಟ್ರೈಕೋಡರ್ಮಾ ರೋಗ ಬಾರದಂತೆ ತಡೆಯುವುದು, ಬಂದ ರೋಗವನ್ನು ವಾಸಿಮಾಡುವುದಲ್ಲ. ಮಣ್ಣು ತೀರಾ ತಣ್ಣಗಿದ್ದರೆ ಅದರ ಬೆಳವಣಿಗೆ ನಿಧಾನವಾಗುತ್ತದೆ. ಒಳಗೇ ಕೊಳೆತ ಎಸಳಿಗೆ ಎಷ್ಟು ಹಚ್ಚಿದರೂ ಉಪಯೋಗವಿಲ್ಲ.

ಪ್ರಶ್ನೆ: ಅಡುಗೆ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಸುವುದು, ಆಮೇಲೆ ಆಲ್ಕೋಹಾಲಿನಲ್ಲಿ ಅದ್ದುವುದು ಎಂಬ ಪದ್ಧತಿ ಓದಿದೆ. ಅಗತ್ಯವೇ?

ಉತ್ತರ: ಸೋಡಾ ನೀರು ಎಸಳಿನ ಹೊರಮೈಯ ಬೂಸ್ಟನ್ನು ಸ್ವಲ್ಪ ತಡೆಯಬಹುದು, ಅಷ್ಟೇ. ಜಂತುಹುಳುವಿಗಾಗಲಿ ಒಳಗಿನ ಕೊಳೆಗಾಗಲಿ ಅದು ಮದ್ದಲ್ಲ. ಆರೋಗ್ಯವಾದ ಎಸಳಿಗೆ ಬೇಕಿಲ್ಲ. ಇಡೀ ರಾತ್ರಿ ನೀರಿನಲ್ಲಿ ಮುಳುಗಿದ ಎಸಳಿಗೆ ಗಾಳಿಯ ಕೊರತೆಯಾಗುತ್ತದೆ ಎಂಬುದನ್ನೂ ಗಮನಿಸಿ.

70 ಶೇಕಡಾ ಆಲ್ಕೋಹಾಲಿನಲ್ಲಿ ಮೂರರಿಂದ ಐದು ನಿಮಿಷ ಅದ್ದುವುದನ್ನು ಕೆಲವು ಬೆಳೆಗಾರರು ನುಸಿಗಾಗಿ ಮಾಡುತ್ತಾರೆ. ಗೆಡ್ಡೆಯ ನುಸಿ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು, ಉದ್ದ ಕಾಲು ಮಿಲಿಮೀಟರಿನಷ್ಟು. ಸಂಗ್ರಹದಲ್ಲಿ ಎಸಳು ಬತ್ತಿ ಕಂದಾಗುತ್ತಿದ್ದರೆ, ಊರಿದ ಮೇಲೆ ಮೊದಲ ಎಲೆಗಳು ತಿರುಚಿ ತುದಿ ಒಂದಕ್ಕೊಂದು ಸಿಕ್ಕಿಕೊಂಡು ಹಳದಿ ಗೆರೆ ಬಂದರೆ ಇದನ್ನು ಶಂಕಿಸಬಹುದು. ನುಸಿ ಇದೆಯೆಂದು ಗೊತ್ತಿದ್ದರೆ ಮಾತ್ರ ಮಾಡಿ, ಅದ್ದಿದ ಕೂಡಲೇ ಬಸಿದು ಊರಿಬಿಡಿ, ಬೆಂಕಿಯಿಂದ ದೂರವಿರಿ. ಸಾವಯವ ಪ್ರಮಾಣಪತ್ರ ಪಡೆದವರು ನಾಟಿ ಸಾಮಗ್ರಿಗೆ ಯಾವುದನ್ನೇ ಹಚ್ಚುವ ಮೊದಲು ಪ್ರಮಾಣೀಕರಿಸುವ ಸಂಸ್ಥೆಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಪ್ರಶ್ನೆ: ಮುಚ್ಚಿಗೆ ಎಷ್ಟು ದಪ್ಪ ಹಾಕಬೇಕು? ಒಂದು ಕಡೆ 5 ಸೆಂಟಿಮೀಟರ್, ಇನ್ನೊಂದು ಕಡೆ 15 ಎಂದಿದೆ. ನಾನು ದಪ್ಪಗೆ ಒಣ ಎಲೆ ಹರಡಿದ್ದಕ್ಕೆ ಅರ್ಧ ಗಿಡ ಮೇಲೆ ಬರಲೇ ಇಲ್ಲ.

ಉತ್ತರ: ಎರಡೂ ಸರಿ, ಹವೆ ಬೇರೆ ಬೇರೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಕಡೆ ಮುಚ್ಚಿಗೆಯ ಕೆಲಸ ಎಸಳನ್ನು ಹಿಮದಿಂದ ಕಾಪಾಡುವುದು, ಮಣ್ಣು ಹೆಪ್ಪುಗಟ್ಟಿ ಕರಗುವಾಗ ಎಸಳು ಮೇಲಕ್ಕೆ ತಳ್ಳಲ್ಪಡದಂತೆ ನೋಡಿಕೊಳ್ಳುವುದು. ಅಲ್ಲಿ ನೆಲ ಹೆಪ್ಪುಗಟ್ಟಲು ನಾಲ್ಕರಿಂದ ಆರು ವಾರ ಇರುವಾಗ ಊರಿ, ಮಣ್ಣು ತಣ್ಣಗಾದ ಮೇಲೆ 10-15 ಸೆಂಟಿಮೀಟರ್ ಹುಲ್ಲು ಹರಡುತ್ತಾರೆ. ಚಳಿ ಕಳೆದು ಚಿಗುರು ಕಾಣುತ್ತಿದ್ದಂತೆ ಅರ್ಧದಷ್ಟನ್ನು ಸಾಲಿನ ಬದಿಗೆ ಸರಿಸಬೇಕು, ಇಲ್ಲದಿದ್ದರೆ ಮಣ್ಣು ಬೆಚ್ಚಗಾಗುವುದು ತಡವಾಗಿ ಬೆಳವಣಿಗೆ ಹಿಂದೆ ಬೀಳುತ್ತದೆ. ನೆಲ ಹೆಪ್ಪುಗಟ್ಟದ ಹವೆಯಲ್ಲಿ ಮುಚ್ಚಿಗೆಯ ಕೆಲಸ ಬೇರೆ: ಕಳೆ ತಡೆಯುವುದು, ತೇವ ಉಳಿಸುವುದು, ಬೆಳೆಯ ಕೊನೆಯ ಬಿಸಿ ದಿನಗಳಲ್ಲಿ ಮಣ್ಣನ್ನು ತಂಪಾಗಿಡುವುದು. ಅದಕ್ಕೆ ಹರಡುವಾಗ 8-10 ಸೆಂಟಿಮೀಟರ್ ಇದ್ದು, ಕೆಲವು ವಾರದಲ್ಲಿ ಕುಸಿದು 4-5ಕ್ಕೆ ನಿಂತರೆ ಸಾಕು. ಸಡಿಲವಾಗಿ ಕೊಡವಿ ಹರಡಿದರೆ ಚದರ ಮೀಟರಿಗೆ ಸುಮಾರು ಒಂದು ಕಿಲೋ ಒಣಹುಲ್ಲು ಬೇಕಾಗಬಹುದು.

ನಿಮ್ಮ ಗಿಡ ಬಾರದಿದ್ದುದಕ್ಕೆ ಕಾರಣ ದಪ್ಪವೊಂದೇ ಅಲ್ಲ, ಎಲೆಯ ಆಕಾರವೂ ಹೌದು. ಇಡೀ ಎಲೆಗಳು ನೀರು ಬಿದ್ದಾಗ ಒಂದರ ಮೇಲೊಂದು ಅಂಟಿ ಹಲಗೆಯಂತಾಗುತ್ತವೆ. ಮೊಳಕೆ ಅದರಡಿಯಲ್ಲಿ ಅಡ್ಡ ತಿರುಗಿ, ಬಿಳಿಚಿ, ಕೊಳೆಯುತ್ತದೆ. ಎಲೆಯನ್ನು ಪುಡಿಮಾಡಿ ಅಥವಾ ಹುಲ್ಲಿನ ಜೊತೆ ಬೆರೆಸಿ ಬಳಸಿ. ಹುಲ್ಲನ್ನೂ 5-10 ಸೆಂಟಿಮೀಟರ್ ತುಂಡು ಮಾಡಿದರೆ ಮೊಳಕೆ ಸಲೀಸಾಗಿ ತೂರಿ ಬರುತ್ತದೆ. ಭಯವಿದ್ದರೆ ಚಿಗುರು ಐದಾರು ಸೆಂಟಿಮೀಟರ್ ಬೆಳೆಯುವವರೆಗೆ ಕಾದು, ಒಮ್ಮೆ ಕಳೆ ತೆಗೆದು, ಸಾಲುಗಳ ನಡುವೆ ಹರಡಿ. ಆದರೆ ಆ ಮೊದಲ ಕಳೆ ತೆಗೆಯುವುದನ್ನು ತಪ್ಪಿಸಬೇಡಿ. ಬೆಳ್ಳುಳ್ಳಿಯ ಎಲೆ ಕಿರಿದು, ನೆಲಕ್ಕೆ ನೆರಳು ಬೀಳುವುದಿಲ್ಲ, ಬೇರೂ ಆಳಕ್ಕೆ ಹೋಗದು. ಕಳೆಯ ಜೊತೆ ಪೈಪೋಟಿಯಲ್ಲಿ ಇದು ಸೋಲುವ ಬೆಳೆ.

ಮಳೆ ಹೆಚ್ಚಿರುವಾಗ, ಜಿಗುಟು ಮಣ್ಣಿನಲ್ಲಿ ದಪ್ಪ ಮುಚ್ಚಿಗೆ ಬುಡವನ್ನು ಸದಾ ಒದ್ದೆಯಾಗಿಡುತ್ತದೆ. ಅಲ್ಲಿ 15-20 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಿ, ಮುಚ್ಚಿಗೆಯನ್ನು 3-4 ಸೆಂಟಿಮೀಟರಿಗೆ ಇಳಿಸಿ, ಗಿಡದ ಕತ್ತಿನಿಂದ ಒಂದೆರಡು ಬೆರಳಿನಷ್ಟು ದೂರವಿಡಿ. ಬಸವನಹುಳು ಬರುವುದೂ ಅಲ್ಲಿಯೇ. ಒಣನೆಲದಲ್ಲಿ ಸಮಸ್ಯೆ ಬೇರೆ: ಹುಲ್ಲಿಗೆ ಗೆದ್ದಲು ಮುತ್ತುತ್ತದೆ, ಮೇಲಿಂದ ಚಿಮುಕಿಸಿದ ನೀರನ್ನು ಹುಲ್ಲೇ ಹೀರಿ ಮಣ್ಣು ಒಣಗಿರುತ್ತದೆ. ಹನಿ ನೀರಾವರಿಯ ಕೊಳವೆಯನ್ನು ಮುಚ್ಚಿಗೆಯ ಅಡಿಯಲ್ಲಿಡಿ. ನೀರು ಬೇಕೇ ಎಂಬುದನ್ನು ಹುಲ್ಲು ಮುಟ್ಟಿ ನಿರ್ಧರಿಸದೆ, ಸರಿಸಿ 5 ಸೆಂಟಿಮೀಟರ್ ಆಳದ ಮಣ್ಣು ಮುಟ್ಟಿ ನೋಡಿ.

ಇನ್ನೊಂದು ಮಾತು. ಕಾಳು ಬಡಿದ ನಂತರದ ಒಣಹುಲ್ಲು ಬೇರೆ, ಹೂ-ಬೀಜ ಸಮೇತ ಕೊಯ್ದು ಒಣಗಿಸಿದ ಮೇವಿನ ಹುಲ್ಲು ಬೇರೆ. ಎರಡನೆಯದನ್ನು ಹರಡುವುದೆಂದರೆ ಕಳೆ ಬಿತ್ತಿದಂತೆಯೇ.

ಪ್ರಶ್ನೆ: ಮರದ ಹೊಟ್ಟನ್ನು ಮಣ್ಣಿಗೆ ಬೆರೆಸಿ, ಮೇಲೆಯೂ ಹರಡಿದೆ. ಗಿಡ ತಿಳಿಹಳದಿಯಾಗಿ ನಿಂತಿದೆ.

ಉತ್ತರ: ಸಾರಜನಕದ ಕೊರತೆ. ಮರದ ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇನ್ನೂರರಿಂದ ಐನೂರು ಪಾಲು ಇಂಗಾಲವಿರುತ್ತದೆ. ಒಣಹುಲ್ಲಿನಲ್ಲಿ 60ರಿಂದ 100, ಹಸಿ ಹುಲ್ಲಿನಲ್ಲಿ 15-20. ಇಂಗಾಲ ಹೆಚ್ಚಿರುವುದನ್ನು ಕೊಳೆಯಿಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಮೇಲೆ ಹರಡಿದಾಗ ಇದು ಮಣ್ಣು ತಾಗುವ ತೆಳು ಪದರದಲ್ಲಿ ಮಾತ್ರ ನಡೆಯುತ್ತದೆ, ಬೇರಿಗೆ ಅಷ್ಟು ತೊಂದರೆಯಿಲ್ಲ. ಬೆರೆಸಿದಾಗ ಬೇರಿನ ಸುತ್ತಲೂ ನಡೆಯುತ್ತದೆ.

ಮೇಲಿರುವ ಹೊಟ್ಟನ್ನು ಸರಿಸಿ, ಸಾಲಿನ ಪಕ್ಕದಲ್ಲಿ ಚದರ ಮೀಟರಿಗೆ 100 ಗ್ರಾಂ ಎಣ್ಣೆಹಿಂಡಿಯ ಪುಡಿ ಹಾಕಿ ಮಣ್ಣು ಮುಚ್ಚಿ, ನೀರು ಕೊಡಿ. ಬೇವಿನ ಹಿಂಡಿಯಲ್ಲಿ ಇದರಿಂದ 4-5 ಗ್ರಾಂ ಸಾರಜನಕ ಬರುತ್ತದೆ. ಗಿಡಕ್ಕೆ ಮೂರರಿಂದ ಆರು ಎಲೆ ಇರುವಾಗಲೇ ಇದು ಮುಗಿಯಬೇಕು. ಗೆಡ್ಡೆ ಕಟ್ಟಲು ಶುರುವಾದ ಮೇಲೆ ಸಾರಜನಕ ಕೊಟ್ಟರೆ ಎಲೆ ಬೆಳೆಯುತ್ತದೆ, ಕೊಯ್ಲು ತಡವಾಗುತ್ತದೆ, ಗೆಡ್ಡೆ ಸಂಗ್ರಹದಲ್ಲಿ ಬಾಳುವುದಿಲ್ಲ. ಮುಂದಿನ ಸಲ ಊರುವ ಮೊದಲೇ ಚದರ ಮೀಟರಿಗೆ 2ರಿಂದ 2.5 ಕಿಲೋ ಕಳಿತ ಕಾಂಪೋಸ್ಟ್ ಸೇರಿಸಿ. ಹಸಿ ಸಗಣಿ ಬೇಡ.

ಪ್ರಶ್ನೆ: ಹೊರಗಿನಿಂದ ಹುಲ್ಲು ತರಿಸುತ್ತೇನೆ. ಅದರಲ್ಲಿ ಕಳೆನಾಶಕದ ಅಂಶ ಇದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಅಗಲ ಎಲೆಯ ಕಳೆಗೆ ಸಿಂಪಡಿಸುವ ಅಮಿನೋಪೈರಾಲಿಡ್, ಕ್ಲೋಪೈರಾಲಿಡ್‌ನಂಥ ಕಳೆನಾಶಕಗಳು ಹುಲ್ಲಿನಲ್ಲಿ ಬಹುಕಾಲ ಉಳಿಯುತ್ತವೆ. ಆ ಹುಲ್ಲು ತಿಂದ ದನದ ಸಗಣಿಯಲ್ಲೂ, ಅದರ ಕಾಂಪೋಸ್ಟಿನಲ್ಲೂ ಇರುತ್ತವೆ. ಮೋಸವಾಗುವುದು ಎಲ್ಲಿ ಎಂದರೆ, ಬೆಳ್ಳುಳ್ಳಿ ಏಕದಳ ಸಸ್ಯವಾದ್ದರಿಂದ ಅದರಲ್ಲಿ ತೊಂದರೆ ಎದ್ದು ಕಾಣದಿರಬಹುದು. ಅದೇ ಮಡಿಯಲ್ಲಿ ಮುಂದೆ ಹುರುಳಿಕಾಯಿ, ಬಟಾಣಿ, ಟೊಮೆಟೊ ಹಾಕಿದಾಗ ಎಲೆ ಮುದುಡಿ ಗಿಡ ತಿರುಚಿಕೊಳ್ಳುತ್ತದೆ.

ಪರೀಕ್ಷೆ ಮನೆಯಲ್ಲೇ ಸಾಧ್ಯ. ಹುಲ್ಲನ್ನು ಸಣ್ಣಗೆ ಕತ್ತರಿಸಿ, ಸಮಪಾಲು ಶುದ್ಧ ಮಣ್ಣಿನ ಮಿಶ್ರಣದ ಜೊತೆ ಬೆರೆಸಿ ಮೂರು ನಾಲ್ಕು ಕುಂಡ ತುಂಬಿ. ಹುಲ್ಲಿಲ್ಲದ ಅಷ್ಟೇ ಕುಂಡಗಳು ಪಕ್ಕದಲ್ಲಿರಲಿ, ಮೇಲಿನ ಕುಂಡದ ನೀರು ಕೆಳಗಿನದಕ್ಕೆ ಹರಿಯದಂತೆ ಇಡಿ. ಎಲ್ಲದರಲ್ಲೂ ಹುರುಳಿಕಾಯಿ ಬೀಜ ಹಾಕಿ ಮೂರು ನಾಲ್ಕು ವಾರ ನೋಡಿ. ಹೊಸ ಎಲೆ ಬಟ್ಟಲಿನಂತೆ ಮುದುಡಿದರೆ ಆ ಹುಲ್ಲನ್ನು ಒಳಗೆ ಬಿಟ್ಟುಕೊಳ್ಳಬೇಡಿ. ಎಲೆ ಬರೀ ಹಳದಿಯಾದರೆ ಅದು ಸಾರಜನಕದ ಕೊರತೆ, ಕಳೆನಾಶಕವಲ್ಲ.

ಪ್ರಶ್ನೆ: ಸಾವಯವದಲ್ಲಿ ಪ್ಲಾಸ್ಟಿಕ್ ಹೊದಿಕೆಗೆ ಅವಕಾಶ ಇದೆಯೇ?

ಉತ್ತರ: ಬೆಳೆ ಮುಗಿದ ಕೂಡಲೇ ಪೂರ್ತಿ ಎತ್ತಿ ಹೊರಗೆ ಹಾಕುವುದಾದರೆ ಅನೇಕ ಸಾವಯವ ಮಾನದಂಡಗಳು ಒಪ್ಪುತ್ತವೆ. ಮಣ್ಣಿನಲ್ಲಿ ಕರಗುತ್ತದೆ ಎಂದು ಮಾರುವ ಹಾಳೆಗಳಿಗೆ ನಿಯಮ ಇದಕ್ಕಿಂತ ಬಿಗಿ, ಕೇಳದೆ ಹಾಕಬೇಡಿ. 25-30 ಮೈಕ್ರಾನ್ ಹಾಳೆ, 5 ಸೆಂಟಿಮೀಟರ್ ಅಗಲದ ತೂತು, ಅಡಿಯಲ್ಲಿ ಹನಿ ಕೊಳವೆ. ತಂಪು ಹವೆಯಲ್ಲಿ ಕಪ್ಪು ಹಾಳೆ ಮಣ್ಣನ್ನು ಬೆಚ್ಚಗಾಗಿಸಿ ಬೆಳವಣಿಗೆಗೆ ನೆರವಾಗುತ್ತದೆ. ಬಿಸಿ ಹವೆಯಲ್ಲಿ ಅದೇ ಬಿಸಿ ಬುಡ ಕೊಳೆಯನ್ನು ಹೆಚ್ಚಿಸುತ್ತದೆ, ಅಲ್ಲಿ ಬೆಳ್ಳಿ ಅಥವಾ ಬಿಳಿ ಬದಿ ಮೇಲಿರಲಿ. ಬೆಳ್ಳಿಯ ಹೊಳಪಿಗೆ ಥ್ರಿಪ್ಸ್ ಎಂಬ ರಸ ಹೀರುವ ಕೀಟ ಗಿಡದ ಮೇಲೆ ಇಳಿಯುವುದು ಕಡಿಮೆಯಾಗುತ್ತದೆ ಎಂಬ ಲಾಭವೂ ಇದೆ. ಪ್ಲಾಸ್ಟಿಕ್ ಮಣ್ಣಿಗೆ ಏನನ್ನೂ ಕೊಡುವುದಿಲ್ಲ. ಹುಲ್ಲು ಸಿಗುವ ಕಡೆ ನಾವು ಹುಲ್ಲನ್ನೇ ಸೂಚಿಸುತ್ತೇವೆ.

ಪ್ರಶ್ನೆ: ಗೆಡ್ಡೆಯ ಬುಡದಲ್ಲಿ ಹತ್ತಿಯಂಥ ಬಿಳಿ ಬೂಸ್ಟು, ಅದರಲ್ಲಿ ಗಸಗಸೆಯಷ್ಟು ಕಪ್ಪು ಕಾಳುಗಳು. ಏನಿದು? ಮುಂದಿನ ವರ್ಷ ಉಪಚರಿಸಿದ ಎಸಳು ಹಾಕಿದರೆ ಸಾಕೇ?

ಉತ್ತರ: ಸಾಕಾಗುವುದಿಲ್ಲ. ಇದು ಬಿಳಿ ಕೊಳೆ. ಬೆಳ್ಳುಳ್ಳಿ ಬೆಳೆಗಾರ ಹೆಚ್ಚು ಹೆದರಬೇಕಾದ ರೋಗ ಇದೇ. ಕಪ್ಪು ಕಾಳುಗಳು ಆ ಶಿಲೀಂಧ್ರದ ಗಂಟುಗಳು, ಮಣ್ಣಿನಲ್ಲಿ 20 ವರ್ಷಕ್ಕೂ ಮೀರಿ ಜೀವ ಹಿಡಿದಿರಬಲ್ಲವು. ಎಸಳು ಎಷ್ಟೇ ಶುದ್ಧವಿದ್ದರೂ ಆ ಮಣ್ಣಿಗೆ ಇಳಿದ ಮೇಲೆ ರೋಗ ಹಿಡಿಯುತ್ತದೆ.

ರೋಗದ ಗಿಡವನ್ನು ಸುತ್ತಲಿನ ಮಣ್ಣು, ಮುಚ್ಚಿಗೆ ಸಮೇತ ಎತ್ತಿ ಚೀಲಕ್ಕೆ ಹಾಕಿ ಹೊರಗೆ ಸಾಗಿಸಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಆ ಮಡಿಯ ಗುದ್ದಲಿ, ಚಪ್ಪಲಿ, ಹುಲ್ಲು ಯಾವುದೂ ತೊಳೆಯದೆ ಇನ್ನೊಂದು ಮಡಿಗೆ ಹೋಗಬಾರದು. ಅಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಅವುಗಳ ಜಾತಿಯ ಯಾವುದೂ ಬೇಡ. ಆ ಹೊಲದ ಒಂದು ಗೆಡ್ಡೆಯನ್ನೂ ಬೀಜಕ್ಕೆ ಇಡಬೇಡಿ, ಬೇರೆಯವರಿಗೂ ಕೊಡಬೇಡಿ.

ಈ ಗಂಟುಗಳು ಮೊಳೆಯುವುದು ಬೆಳ್ಳುಳ್ಳಿ-ಈರುಳ್ಳಿಯ ಬೇರಿನಿಂದ ಹೊರಡುವ ಗಂಧಕದ ಸಂಯುಕ್ತಗಳ ವಾಸನೆಗೆ ಮಾತ್ರ. ಇದನ್ನೇ ಉಪಾಯವಾಗಿ ಬಳಸಬಹುದು. ಮಡಿ ಖಾಲಿಯಿದ್ದು, ಮಣ್ಣಿನ ಉಷ್ಣತೆ 15-18 ಡಿಗ್ರಿ ಇದ್ದು, ತೇವವೂ ಇರುವಾಗ ರೋಗವಿಲ್ಲದ ಬೆಳ್ಳುಳ್ಳಿಯನ್ನು ಜಜ್ಜಿ ನೀರಿಗೆ ಬೆರೆಸಿ ಮಣ್ಣಿಗೆ ಸುರಿದು ಕಲಸಿದರೆ, ಗಂಟುಗಳು ಬೆಳೆ ಬಂದಿದೆಯೆಂದು ಮೊಳೆತು, ಬೇರು ಸಿಗದೆ ಸಾಯುತ್ತವೆ. ಸಂಖ್ಯೆ ಬಹಳ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಹಾಗಾಗಿ ಇದನ್ನು ಮಾಡಿದ ಮರುವರ್ಷವೇ ಅಲ್ಲಿ ಬೆಳ್ಳುಳ್ಳಿ ಊರುವ ಧೈರ್ಯ ಬೇಡ.

ಪ್ರಶ್ನೆ: ಒಂದೇ ಬೀಜವನ್ನು ವರ್ಷವರ್ಷವೂ ಉಳಿಸಿಕೊಂಡು ಬಂದಿದ್ದೇವೆ. ಕೊಳೆ ಇಲ್ಲ, ಹುಳು ಇಲ್ಲ, ಆದರೂ ಗೆಡ್ಡೆ ಚಿಕ್ಕದಾಗುತ್ತಲೇ ಇದೆ.

ಉತ್ತರ: ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೆ ತಿಳಿಹಳದಿ ಗೆರೆಗಳಿದ್ದರೆ ವೈರಸ್. ಯಾವ ಅದ್ದುವಿಕೆಯೂ ಇದನ್ನು ತೆಗೆಯದು. ಬೆಳೆಯುವ ತುದಿಯ ಅಂಗಾಂಶದಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಬೀಜವೊಂದೇ ವೈರಸ್‌ಮುಕ್ತ. ಅದು ಸಿಗದಿದ್ದರೆ, ಗಿಡಕ್ಕೆ ನಾಲ್ಕೈದು ಎಲೆ ಬಂದಾಗ ಗೆರೆ ಕಂಡ ಗಿಡಗಳನ್ನು ಕಿತ್ತು ಬಿಸಾಡಿ, ಬೀಜದ ಮಡಿಯನ್ನು ಮುಖ್ಯ ಬೆಳೆಯಿಂದ ದೂರವಿಟ್ಟು, ಅತಿ ದೊಡ್ಡ ಗೆಡ್ಡೆಗಳನ್ನೇ ಬೀಜಕ್ಕೆ ಆರಿಸಿ. ಅಡುಗೆಗೆ ದೊಡ್ಡದು, ಬೀಜಕ್ಕೆ ಉಳಿದದ್ದು ಎಂಬ ಅಭ್ಯಾಸ ತಳಿಯನ್ನು ಬೇಗ ಕುಗ್ಗಿಸುತ್ತದೆ.

ನಿಮ್ಮದು ಹೂದಂಡು ಬಿಡುವ ತಳಿಯಾದರೆ ತುದಿಯಲ್ಲಿ ಬರುವ ಮರಿಗೆಡ್ಡೆಗಳಿಂದ ಹೊಸ ಬೀಜ ಮಾಡಬಹುದು. ಅವು ಮಣ್ಣು ಮುಟ್ಟಿರುವುದಿಲ್ಲವಾದ್ದರಿಂದ ಜಂತುಹುಳು, ಬಿಳಿ ಕೊಳೆಯ ಭಯ ಬಹಳ ಕಡಿಮೆ. ವೈರಸ್ ಮಾತ್ರ ಅವುಗಳಲ್ಲೂ ಬರುತ್ತದೆ. 2-3 ಸೆಂಟಿಮೀಟರ್ ಆಳಕ್ಕೆ ಬಿತ್ತಿದರೆ ಮೊದಲ ವರ್ಷ ಸಾಮಾನ್ಯವಾಗಿ ಒಂದೇ ಎಸಳಿನ ದುಂಡು ಗೆಡ್ಡೆ, ಪೂರ್ಣ ಗಾತ್ರಕ್ಕೆ ಎರಡರಿಂದ ನಾಲ್ಕು ವರ್ಷ. ಬೀಜಕ್ಕೆ ಬಿಟ್ಟ ಕೆಲವನ್ನು ಉಳಿಸಿ ಮಿಕ್ಕ ಹೂದಂಡುಗಳನ್ನು ಎಳೆಯದಾಗಿರುವಾಗಲೇ ಮುರಿದರೆ ಗೆಡ್ಡೆ ತೂಕ ಹಿಡಿಯುತ್ತದೆ.

ಪ್ರಶ್ನೆ: ಕೆಲವು ಗಿಡಗಳಲ್ಲಿ ಎಸಳೇ ಒಡೆಯದೆ ಒಂಟಿ ಗೆಡ್ಡೆ, ಇನ್ನು ಕೆಲವು ಪೊದೆಯಂತೆ ಕವಲೊಡೆದಿವೆ. ಬೀಜವನ್ನು ಫ್ರಿಜ್‌ನಲ್ಲಿಟ್ಟಿದ್ದೆ.

ಉತ್ತರ: ಎರಡಕ್ಕೂ ಬೀಜ ಇಟ್ಟ ಉಷ್ಣತೆಯ ನಂಟಿದೆ. ಎಸಳಾಗಿ ಒಡೆಯಲು ಬೆಳ್ಳುಳ್ಳಿಗೆ ತಂಪು ಬೇಕು. ತಂಪು ಸಾಲದಿದ್ದರೆ, ತಡವಾಗಿ ಊರಿದರೆ ಒಂಟಿ ಗೆಡ್ಡೆ. ಸುಮಾರು 4 ಡಿಗ್ರಿಗಿಂತ ಕೆಳಗೆ ಬಹುಕಾಲ ಇಟ್ಟರೆ ಪಕ್ಕದ ಮೊಗ್ಗುಗಳೂ ಎದ್ದು ಕವಲು, ಗೆಡ್ಡೆಯೂ ಬೇಗ ಬಲಿಯುತ್ತದೆ. ಸಾರಜನಕ ಹೆಚ್ಚಾದರೂ ಕವಲು ಬರುತ್ತದೆ. 18 ಡಿಗ್ರಿಗಿಂತ ಮೇಲಿಟ್ಟರೆ ಮೊಳಕೆ ತಡ. ಬೀಜದ ಗೆಡ್ಡೆಗೆ 10 ಡಿಗ್ರಿ, 65-70 ಶೇಕಡಾ ಆರ್ದ್ರತೆ ಸೂಕ್ತ. ಚಳಿ ಕಡಿಮೆಯಿರುವ ಹವೆಯವರು ಊರುವ ಮೊದಲು ನಾಲ್ಕರಿಂದ ಆರು ವಾರ 5-10 ಡಿಗ್ರಿಯಲ್ಲಿ, ಗಾಳಿಯಾಡುವ ಚೀಲದಲ್ಲಿ, ಎಸಳು ಬಿಡಿಸದೆ ಇಡಬಹುದು.

ಪ್ರಶ್ನೆ: ಕೊಯ್ಲಿನವರೆಗೂ ಮುಚ್ಚಿಗೆ ಇರಬೇಕೇ?

ಉತ್ತರ: ಒಣ ಹವೆಯಾದರೆ ಇರಲಿ. ತೇವದ ಹವೆಯಲ್ಲಿ ಕೊಯ್ಲಿಗೆ ಎರಡು ಮೂರು ವಾರ ಮೊದಲು ನೀರು ನಿಲ್ಲಿಸುವಾಗಲೇ ಹುಲ್ಲನ್ನೂ ಸರಿಸಿ, ಇಲ್ಲದಿದ್ದರೆ ಹೊರ ಸಿಪ್ಪೆ ಕಪ್ಪಾಗಿ ಕಲೆ ಬೀಳುತ್ತದೆ. ಕೆಳಗಿನ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಎಲೆ ಒಣಗಿದಾಗ ಕೀಳಿ. ಉಳಿದ ಒಂದೊಂದು ಹಸಿರು ಎಲೆಯೂ ಗೆಡ್ಡೆಗೆ ಒಂದೊಂದು ಪದರ ಸಿಪ್ಪೆ. ಎಲ್ಲ ಒಣಗಲಿ ಎಂದು ಕಾದರೆ ಸಿಪ್ಪೆ ಕೊಳೆತು ಗೆಡ್ಡೆ ಮಣ್ಣಿನಲ್ಲೇ ಬಿರಿಯುತ್ತದೆ.

ತೊಳೆಯಬೇಡಿ. ಎಲೆ ಸಮೇತ ನೆರಳಿನಲ್ಲಿ, ಗಾಳಿ ಚೆನ್ನಾಗಿ ಆಡುವ ಕಡೆ ಎರಡರಿಂದ ನಾಲ್ಕು ವಾರ ತೂಗುಹಾಕಿ. ಕತ್ತು ಕತ್ತರಿಸಿದಾಗ ಒಳಗೆ ಹಸಿ ಕಾಣದಿದ್ದರೆ ಒಣಗಿದೆ ಎಂದರ್ಥ. ಮಡಿಯಲ್ಲಿದ್ದಾಗಲೇ ಗುರುತು ಕಟ್ಟಿಟ್ಟ ಆರೋಗ್ಯವಂತ ಗಿಡಗಳ ಗೆಡ್ಡೆಯನ್ನು ಬೀಜಕ್ಕೆಂದು ಬೇರೆಯಾಗಿ ಒಣಗಿಸಿ, ಉಳಿದ ರಾಶಿಯ ಜೊತೆ ಬೆರೆಯಲು ಬಿಡಬೇಡಿ.